ಮಹಡಿ ಬದಲಾದ್ರೆ ವೈಫೈ ಕಾಲ್ ಕಟ್: ಇನ್ನೂ ನಾಲ್ಕು ಎಪಿ (ವೈಫೈ ಹರಡೋ ಆಕ್ಸೆಸ್ ಪಾಯಿಂಟ್) ಬೇಕಾ, ಇರೋದನ್ನೇ ಸರಿ ಮಾಡಬಹುದಾ?

ಗಿರಣಿ_ಐಟಿ_ರಾಯಚೂರು

ನಮಸ್ಕಾರ್ರಿ. ರಾಯಚೂರಿನ ಅಕ್ಕಿ ಗಿರಣಿಯೊಂದರ ಕಚೇರಿ. ಮೂರು ಅಂತಸ್ತು, 60 ಮಂದಿ, ಫೋನು ಲ್ಯಾಪ್‌ಟಾಪು ಸೇರಿ 130ರ ಆಸುಪಾಸು ಡಿವೈಸ್. ಅಂತಸ್ತಿಗೆ ಎರಡರಂತೆ ಆರು ವೈಫೈ 6 ಎಪಿ, ಎಲ್ಲಾ ಕಾರಿಡಾರ್ ಸೀಲಿಂಗ್‌ನಲ್ಲಿ, ಪವರ್ "ಹೈ". ಎಲ್ಲಕ್ಕೂ ಒಂದೇ 8 ಪೋರ್ಟ್ ಪಿಒಇ (ನೆಟ್‌ವರ್ಕ್ ಕೇಬಲ್ಲಿನಲ್ಲೇ ಕರೆಂಟ್ ಕೊಡೋ) ಸ್ವಿಚ್.

ಮಾತಾಡುತ್ತಾ ಮೆಟ್ಟಿಲು ಹತ್ತಿದರೆ ವಾಟ್ಸಾಪ್, ಟೀಮ್ಸ್ ಕಾಲ್ ಹತ್ತು ಸೆಕೆಂಡು ಮೂಕ. ಮಧ್ಯಾಹ್ನ ಮೇಲಿನ ಅಂತಸ್ತಿನ ಎರಡು ಎಪಿ ತಾವೇ ರೀಸ್ಟಾರ್ಟ್ ಆಗ್ತವೆ. ಎಲ್ಲರಿಗೂ ಒಂದೇ ಪಾಸ್‌ವರ್ಡ್, ಕೆಲಸ ಬಿಟ್ಟು ಹೋದವರ ಫೋನಲ್ಲೂ ಅದೇ ಇದೆ. 70 ಮೀಟರ್ ಆಚೆ ತಗಡಿನ ಗೋದಾಮಿಗೂ ವೈಫೈ ಕೊಡಬೇಕು, ಅಲ್ಲಿ ಬಾರ್‌ಕೋಡ್ ಸ್ಕ್ಯಾನರ್ ಇವೆ. ವೆಂಡರ್ "ಇನ್ನೂ ನಾಲ್ಕು ಎಪಿ ಹಾಕಿಸಿ" ಅಂತಾರೆ. ಹಾಕಿಸಬೇಕಾ?

ತುಂಗಾತೀರ

ಕಚೇರಿಯೊಳಗೆ ಒಂದೂ ಬೇಡ. ಈಗಿನ ಸೆಟ್ಟಿಂಗ್‌ನಲ್ಲೇ ನಾಲ್ಕು ಸೇರಿಸಿದರೆ ತೊಂದರೆ ಹೆಚ್ಚಾಗುತ್ತೆ.

ಯಾವ ಎಪಿಗೆ ಹೋಗಬೇಕು ಅನ್ನೋದನ್ನು ಕೊನೆಗೆ ತೀರ್ಮಾನಿಸೋದು ಫೋನು, ಎಪಿ ಅಲ್ಲ. ಎಪಿ ಪವರ್ ಹೈ ಇದ್ದಾಗ ಮೇಲಿನ ಮಹಡಿಗೆ ಹೋದ ಮೇಲೂ ಕೆಳಗಿನ ಎಪಿ ಫೋನಿಗೆ ಚೆನ್ನಾಗೇ ಕೇಳಿಸುತ್ತೆ, ಹಾಗಾಗಿ ಅದನ್ನು ಬಿಡೋದಿಲ್ಲ. ಆದರೆ ಫೋನಿನ ಪ್ರಸಾರ ಶಕ್ತಿ ಕಡಿಮೆ, ಅದು ಹೇಳಿದ್ದು ಎಪಿಗೆ ಮುಟ್ಟಲ್ಲ. ನಿಮ್ಮ ಹತ್ತು ಸೆಕೆಂಡು ಅಲ್ಲೇ ಹೋಗ್ತಿದೆ.

5 ಗಿಗಾಹರ್ಟ್ಝ್ ಬ್ಯಾಂಡಿನ ಪವರ್ ಅನ್ನು 14-17 ಡಿಬಿಎಂ (ಸಿಗ್ನಲ್ ಶಕ್ತಿಯ ಅಳತೆ) ಮಟ್ಟಕ್ಕೆ ಇಳಿಸಿ. 2.4 ಗಿಗಾಹರ್ಟ್ಝ್ ಅದಕ್ಕಿಂತ 6 ಡಿಬಿ ಕಡಿಮೆ ಇರಲಿ, ಇಲ್ಲದಿದ್ದರೆ ಫೋನುಗಳು ಅಲ್ಲೇ ಹೋಗಿ ಕೂರ್ತವೆ. 2.4ರಲ್ಲಿ ಚಾನೆಲ್ 1, 6, 11 ಮಾತ್ರ, ಅಗಲ 20 ಮೆಗಾಹರ್ಟ್ಝ್. ಆರಕ್ಕೆ ಆರೂ ಎಪಿಯಲ್ಲಿ 2.4 ಹಚ್ಚಿಡಬೇಕಂತಿಲ್ಲ, ಮೂರರಲ್ಲಿ ಆಫ್ ಮಾಡಿದರೂ ನಡೆಯುತ್ತೆ. 5ರಲ್ಲಿ 80 ಅಗಲ ಬಿಟ್ಟುಬಿಡಿ. 20 ಇಟ್ಟರೆ 36, 40, 44, 48, 149, 153, 157, 161 ಅಂತ ಎಂಟು ಚಾನೆಲ್ ಸಿಗ್ತವೆ, ಆರು ಎಪಿಗೆ ಆರು ಬೇರೆ ಬೇರೆ ಕೊಡಬಹುದು. 52ರಿಂದ 144ರವರೆಗಿನವು ಡಿಎಫ್‌ಎಸ್: ರಾಡಾರ್ ಸದ್ದು ಕೇಳಿದರೆ ಎಪಿ ಆ ಚಾನೆಲ್ ಖಾಲಿ ಮಾಡಿ 30 ನಿಮಿಷ ತಿರುಗಿ ನೋಡಬಾರದು, ಶುರು ಮಾಡೋ ಮೊದಲೂ ಕನಿಷ್ಠ 60 ಸೆಕೆಂಡು ಸುಮ್ಮನೆ ಕೇಳಬೇಕು. ಪದೇ ಪದೇ ಕರೆಂಟ್ ಹೋಗೋ ಕಡೆ ಆ ಒಂದು ನಿಮಿಷವೂ ಲೆಕ್ಕಕ್ಕೆ ಬರುತ್ತೆ.

ಕನಿಷ್ಠ ಡೇಟಾ ರೇಟ್ 12 ಎಂಬಿಪಿಎಸ್ ಮಾಡಿ. 802.11ಕೆ ಮತ್ತು ವಿ (ಫೋನಿಗೆ ಬೇರೆ ಎಪಿಗಳ ಸುಳಿವು ಕೊಡೋ ಸೌಲಭ್ಯ) ಆನ್ ಮಾಡಿ. ಬೇಗ ಎಪಿ ಬದಲಿಸೋಕೆ ಇರೋ 802.11ಆರ್ ಅನ್ನು ಸಿಬ್ಬಂದಿ ಎಸ್‌ಎಸ್‌ಐಡಿಗೆ (ವೈಫೈ ಹೆಸರಿಗೆ) ಮಾತ್ರ, ಯಾಕಂದ್ರೆ ಹಳೆ ಪ್ರಿಂಟರ್‌ಗಳು ಆರ್ ಇರೋ ನೆಟ್‌ವರ್ಕಿಗೆ ಸೇರೋದೇ ಇಲ್ಲ.

ಕಾರಿಡಾರ್ ಜಾಗವೂ ಸರಿಯಿಲ್ಲ. ಎಪಿಗಳಿಗೆ ಒಂದರ ಸದ್ದು ಇನ್ನೊಂದಕ್ಕೆ ನೇರ ಕೇಳುತ್ತೆ, ಜನ ಕೂತಿರೋದು ಮಾತ್ರ ಗೋಡೆಯಾಚೆ. ಕೊಠಡಿಯೊಳಗೆ ಸರಿಸಿ, ಕೆಳಗೆ ಎಡಕ್ಕಿದ್ದರೆ ಮೇಲೆ ಬಲಕ್ಕೆ. ಆಮೇಲೆ ಗೇಟ್‌ವೇಗೆ (ಮುಖ್ಯ ರೂಟರಿಗೆ) ಪಿಂಗ್, ಅಂದ್ರೆ ಉತ್ತರ ಬರ್ತಿದೆಯಾ ಅನ್ನೋ ಪರೀಕ್ಷೆ, ಹಚ್ಚಿಕೊಂಡು ಮೆಟ್ಟಿಲು ಹತ್ತಿ ನೋಡಿ. ಮೆಟ್ಟಿಲ ಮೇಲೂ ಒಂದಾದರೂ ಎಪಿ -67 ಡಿಬಿಎಂ ಸಿಗಬೇಕು.

ಕೇಬಲ್‌ಸ್ವಾಮಿ_ಗಂಗಾವತಿ

ರೀಸ್ಟಾರ್ಟ್ ಬಗ್ಗೆ ಹೇಳ್ತೀನ್ರಿ. ಮೊದಲು ಸ್ವಿಚ್ ಲೇಬಲ್ ಮ್ಯಾಲ ಒಟ್ಟು ಪಿಒಇ ಬಜೆಟ್ ಎಷ್ಟು ವಾಟ್ ಐತಿ ನೋಡ್ರಿ. 802.3ಎಟಿ ಅಂದ್ರ ಪೋರ್ಟಿಗೆ 30 ವಾಟ್ ಕೊಡಬಲ್ಲದು ಅಂತ, ಎಂಟೂ ಪೋರ್ಟಿಗೆ ಒಮ್ಮೆಗೇ 240 ಕೊಡತೈತಿ ಅಂತಲ್ಲ. ಬಜೆಟ್ ಮುಗಿದ್ರ ಕಡಿಮೆ ಪ್ರಯಾರಿಟಿ ಪೋರ್ಟ್ ಮೊದಲು ಕಟ್ ಆಗತೈತಿ, ಸಾಮಾನ್ಯವಾಗಿ ದೊಡ್ಡ ನಂಬರಿನವು. ಮಧ್ಯಾಹ್ನ ಎಲ್ಲಾ ರೇಡಿಯೊ ದುಡಿಯೋ ಹೊತ್ತಿಗೆ ಬಳಕೆ ಏರತೈತಿ.

ಎರಡನೇದು ಬಿಸಿಲು. ಒಳಾಂಗಣ ಎಪಿಗಳಿಗೆ 40 ಇಲ್ಲಾ 50 ಡಿಗ್ರಿ ಮಿತಿ. ರಾಯಚೂರಿನ ಮೇ ತಿಂಗಳದಾಗ ಮ್ಯಾಲಿನ ಸ್ಲ್ಯಾಬಿನ ಕೆಳಗ, ಫಾಲ್ಸ್ ಸೀಲಿಂಗ್ ಒಳಗ ಅದು ದಾಟಿಬಿಡತೈತಿ. ಸೀಲಿಂಗ್ ಒಳಗ ಅಡಗಿಸಿಟ್ಟಿದ್ರ ಕೆಳಗ ತರ್ರಿ.

ಮೂರನೇದು ಕೇಬಲ್. ಅಗ್ಗದ ಕ್ಯಾಟ್ 6 ಒಳಗ ಅಲ್ಯೂಮಿನಿಯಂ ತಂತಿ ಇದ್ದು ಮ್ಯಾಲ ತಾಮ್ರದ ಲೇಪ ಇರತೈತಿ. ಚಾಕುವಿನಿಂದ ಕೆರೀರಿ, ಒಳಗ ಬೆಳ್ಳಗ ಕಂಡ್ರ ಕಿತ್ತು ಒಗೀರಿ. ರೆಸಿಸ್ಟೆನ್ಸ್ ಹೆಚ್ಚು, ದೂರದ ಎಪಿಗೆ ವೋಲ್ಟೇಜ್ ಸಾಲಂಗಿಲ್ಲ. ಯಾವುದು ತಪ್ಪು ಅಂತ ತಿಳೀಬೇಕಂದ್ರ ಪೋರ್ಟ್ ಅದಲು ಬದಲು ಮಾಡ್ರಿ, ಆಮ್ಯಾಲ ಕೇಬಲ್, ಆಮ್ಯಾಲ ಎಪಿ. ಒಂದು ಸಲಕ್ಕ ಒಂದೇ.

ಗೋದಾಮಿಗೆ ತಾಮ್ರದ ಕೇಬಲ್ ಎಳೀಬ್ಯಾಡ್ರಿ. 70 ಮೀಟರ್ ಅಂದ್ರ 100ರ ಮಿತಿಯೊಳಗ ಐತಿ ಖರೆ, ಆದ್ರ ಎರಡು ಕಟ್ಟಡದ ಅರ್ಥಿಂಗ್ ಬ್ಯಾರೆ ಬ್ಯಾರೆ. ಹತ್ರ ಸಿಡಿಲು ಬಿದ್ರ ಸ್ವಿಚ್, ಎಪಿ ಎರಡೂ ಹೋದಂಗ. ಲೋಹ ಇಲ್ಲದ 6 ಕೋರ್ ಸಿಂಗಲ್ ಮೋಡ್ ಫೈಬರ್, ಎಚ್‌ಡಿಪಿಇ ಪೈಪಿನೊಳಗ. ಎರಡು ಕೋರ್ ಸಾಕು, ಉಳಿದದ್ದು ಸ್ಪೇರ್. ಪೈಪಿನ ಬಾಯಿ ಮುಚ್ಚ್ರಿ, ಗಿರಣಿ ಇಲಿಗೆ ಕೇಬಲ್ ಅಂದ್ರ ಭಾಳ ಪ್ರೀತಿ. ಅಲ್ಲೊಂದು ಸಣ್ಣ ಪಿಒಇ ಸ್ವಿಚ್, ಅದಕ್ಕ ಯುಪಿಎಸ್.

ಒಳಗ ತಗಡು ಸಿಗ್ನಲ್ಲನ್ನ ತಿರುಗಿ ಒಗೀತೈತಿ, ಚೀಲದ ರಾಶಿ ನುಂಗತೈತಿ. ಖಾಲಿ ಗೋದಾಮಿನಾಗ ಸರ್ವೇ ಮಾಡಿದ್ರ ಸುಗ್ಗಿ ಬಂದಾಗ ಲೆಕ್ಕ ತಪ್ಪತೈತಿ. ಚೀಲ ತುಂಬಿದಾಗ ಅಳೀರಿ. ಸಾಲುಗಳ ನಡುವಿನ ಓಣಿಗೆ ಮುಖ ಮಾಡಿ ಡೈರೆಕ್ಷನಲ್ ಆಂಟೆನಾ ಇರೋ ಐಪಿ67 (ದೂಳು, ನೀರು ಒಳಗ ಹೋಗದ) ಎಪಿ ಎರಡು ಹಾಕ್ರಿ, ಫ್ಯಾನ್ ಇಲ್ಲದ್ದು. ಹೊಟ್ಟಿನ ದೂಳಿಗೆ ಫ್ಯಾನ್ ಬಾಳಂಗಿಲ್ಲ.

ಗಿರಣಿ_ಐಟಿ_ರಾಯಚೂರು

ಸ್ವಿಚ್ ಲೇಬಲ್ 65 ವಾಟ್ ಅಂತಿದೆ. ಎಪಿ ಡೇಟಾಶೀಟಿನಲ್ಲಿ ಗರಿಷ್ಠ 14 ವಾಟ್.

ಪಾಸ್‌ವರ್ಡಿಗೆ ಏನು ಮಾಡೋದು? ನಮ್ಮಲ್ಲಿ ಡೊಮೇನ್ ಸರ್ವರ್ (ಎಲ್ಲರ ಲಾಗಿನ್ ಒಂದೇ ಕಡೆ ಇಡೋದು) ಇಲ್ಲ. ಸ್ಕ್ಯಾನರ್‌ಗಳು 2.4 ಮಾತ್ರ, ಡಬ್ಲ್ಯುಪಿಎ2 (ಹಳೆ ವೈಫೈ ಭದ್ರತೆ) ತನಕ ಮಾತ್ರ.

ಬಳ್ಳಾರಿ1812

14ರಂತೆ ಆರಕ್ಕೆ 84 ವಾಟ್. ಸ್ವಿಚ್ ಮೊದಲು ಬದಲಿಸಿ, 120 ಅಥವಾ ಮೇಲಿನದು.

ಡೊಮೇನ್ ಇಲ್ಲದೆಯೂ 802.1ಎಕ್ಸ್ (ಒಬ್ಬೊಬ್ಬರಿಗೂ ಬೇರೆ ಲಾಗಿನ್ ಕೊಡೋ ಪದ್ಧತಿ) ನಡೆಯುತ್ತೆ. ಒಂದು ಸಣ್ಣ ಲಿನಕ್ಸ್ ಯಂತ್ರದಲ್ಲಿ ಫ್ರೀರೇಡಿಯಸ್ (ಲಾಗಿನ್ ಪರಿಶೀಲಿಸೋ ತಂತ್ರಾಂಶ), 60 ಜನಕ್ಕೆ 2 ಜಿಬಿ ರ್‍ಯಾಮ್ ಧಾರಾಳ. ಯುಡಿಪಿ ಪೋರ್ಟ್ 1812 ದೃಢೀಕರಣಕ್ಕೆ, 1813 ಬಳಕೆಯ ಲೆಕ್ಕಕ್ಕೆ. ಕಂಪನಿ ಲ್ಯಾಪ್‌ಟಾಪಿಗೆ ಇಎಪಿ-ಟಿಎಲ್‌ಎಸ್ ಸರ್ಟಿಫಿಕೇಟ್, ಸಿಬ್ಬಂದಿ ಫೋನಿಗೆ ಹೆಸರು ಮತ್ತು ಪಾಸ್‌ವರ್ಡಿನ ಪೀಪ್ ವಿಧಾನ. ಯಾರಾದರೂ ಕೆಲಸ ಬಿಟ್ಟರೆ ಅವರ ಒಂದು ಖಾತೆ ಅಳಿಸಿದರಾಯಿತು.

ಫೋನಿನಲ್ಲಿ ಸರ್ವರ್ ಸರ್ಟಿಫಿಕೇಟ್ ಪರಿಶೀಲನೆ ಕಡ್ಡಾಯ ಮಾಡಿ. ಅದನ್ನು ಬಿಟ್ಟರೆ ಗೇಟಿನ ಹೊರಗೆ ಅದೇ ಹೆಸರಿನ ಎಪಿ ಹಚ್ಚಿದವನಿಗೆ ಪಾಸ್‌ವರ್ಡ್ ಒಡೆಯೋಕೆ ಬೇಕಾದ್ದೆಲ್ಲ ಸಿಗುತ್ತೆ. ಸರ್ವರ್ ಸರ್ಟಿಫಿಕೇಟಿನ ಅವಧಿ ಮುಗಿಯೋ ತಿಂಗಳ ಮುಂಚೆ ಅಲಾರಂ ಇಡಿ, ಮುಗಿದ ದಿನ ಇಡೀ ಕಚೇರಿ ಹೊರಗೆ. 802.1ಎಕ್ಸ್ ಬಂದ ಮೇಲೆ 11ಆರ್ ಬೇಕೇ ಬೇಕು, ಇಲ್ಲಾಂದ್ರೆ ಪ್ರತಿ ಎಪಿ ಬದಲಾವಣೆಗೂ ಪೂರ್ತಿ ದೃಢೀಕರಣ ಆಗಿ ಕಾಲ್ ಮತ್ತೆ ತಡವರಿಸುತ್ತೆ.

ಎಸ್‌ಎಸ್‌ಐಡಿ ಮೂರೇ ಸಾಕು: ಸಿಬ್ಬಂದಿ, ಸ್ಕ್ಯಾನರ್, ಅತಿಥಿ. ಒಂದೊಂದಕ್ಕೂ ಬೇರೆ ವಿಲ್ಯಾನ್ (ಅದೇ ಸ್ವಿಚ್ಚಿನೊಳಗೆ ಬೇರ್ಪಡಿಸಿದ ನೆಟ್‌ವರ್ಕ್). ಎಪಿ ಪೋರ್ಟನ್ನು ಟ್ರಂಕ್ (ಎಲ್ಲಾ ವಿಲ್ಯಾನ್ ಹಾಯೋ ದಾರಿ) ಮಾಡಿ ಮ್ಯಾನೇಜ್‌ಮೆಂಟ್ ವಿಲ್ಯಾನ್ ಮಾತ್ರ ಅನ್‌ಟ್ಯಾಗ್ ಬಿಡಿ. ಫೋನುಗಳು ಮ್ಯಾಕ್ ವಿಳಾಸ ಬದಲಿಸಿಕೊಂಡು ಬರೋದರಿಂದ ಅತಿಥಿ ಡಿಎಚ್‌ಸಿಪಿ ಲೀಸ್ (ಒಂದು ಫೋನಿಗೆ ಐಪಿ ವಿಳಾಸ ಕಾದಿರಿಸೋ ಅವಧಿ) ದಿನಗಟ್ಟಲೆ ಇದ್ದರೆ 254 ವಿಳಾಸ ಬೇಗ ಖಾಲಿ, 4 ಗಂಟೆ ಇಡಿ. ಲಾಗ್ 180 ದಿನ ಉಳಿಸಿಕೊಳ್ಳಿ, ಕೇಂದ್ರ ಸರ್ಕಾರದ ಸೈಬರ್ ಭದ್ರತಾ ಸಂಸ್ಥೆ ಸರ್ಟ್-ಇನ್ 2022ರ ನಿರ್ದೇಶನದಲ್ಲಿ ಅದಿದೆ.

ಸ್ಕ್ಯಾನರ್ ಎಸ್‌ಎಸ್‌ಐಡಿ ಗೋದಾಮಿನ ಎರಡು ಎಪಿಯಲ್ಲಿ ಮಾತ್ರ ಬರಲಿ. 2.4, ಡಬ್ಲ್ಯುಪಿಎ2, 11ಆರ್ ಆಫ್, ಕನಿಷ್ಠ ರೇಟ್ 12ರ ಬದಲು 6. ಉದ್ದನೆಯ ಬೇರೆ ಪಾಸ್‌ವರ್ಡ್, ಫೈರ್‌ವಾಲಿನಲ್ಲಿ ಸ್ಟಾಕ್ ಸರ್ವರಿನ ಒಂದು ಐಪಿಗೆ ಮಾತ್ರ ದಾರಿ.