ಸಮಸ್ಯಾಪೂರಣ: “ಮಣ್ಣಾದ ಕೈಯಿನ್ನು ದುಡಿಯುತಿದೆ ನೋಡು”

ಸಮಸ್ಯೆ ಇಟ್ಟವರು (ಕೊಪ್ಪಳ ತಾಲೂಕು)

ಎಲ್ಲರಿಗೂ ಶರಣು. ದೀಪಾವಳಿ ಆದಾಗಿನಿಂದ ನಮ್ಮೂರಲ್ಲಿ ಒಬ್ಬರ ಹಿಂದೆ ಒಬ್ಬರು ಹಿರಿಯರು ಹೋದರು. ಒಂದು ಮನೆಯ ಶಿವಗಣಾರಾಧನೆ ಮುಗಿಯುವುದರೊಳಗೆ ಇನ್ನೊಂದು ಓಣಿಯಿಂದ ಮಣ್ಣಿಗೆ ಕರೆ ಬರುತ್ತಿತ್ತು. ಈ ಸಲದ ಸಮಸ್ಯೆ, ಅಂದರೆ ನೀವು ಪದ್ಯ ಕಟ್ಟಿ ಪೂರಣ ಮಾಡಬೇಕಾದ ಸಾಲು, ಹುಟ್ಟಿದ್ದು ಅಲ್ಲಿಂದ.

ಹೋದವರಲ್ಲಿ ಒಬ್ಬಾಕೆ ಸೂಲಗಿತ್ತಿ ಅವ್ವ. ಊರಿನ ಅರ್ಧ ಜನ ಆಕೆಯ ಕೈಯಲ್ಲಿ ಹುಟ್ಟಿದವರು, ನಾನೂ ಸೇರಿ. ಮರಣ ನೋಂದಣಿ 21 ದಿನದೊಳಗೆ ಆಗಬೇಕಲ್ಲ, ಆಕೆಯ ಮಗನ ಜೊತೆ ನಾನೂ ಹೋಗಿದ್ದೆ. ನಮೂನೆಯಲ್ಲಿ ‘ಮೃತರ ಉದ್ಯೋಗ’ ಅಂತ ಒಂದು ಸಾಲು ಇದೆ. ಬರೆದುಕೊಳ್ಳುವವರು ಕೇಳಿದರು. ಮಗ, “ಏನಿಲ್ರಿ, ಮನ್ಯಾಗ ಇದ್ಲು” ಅಂದ. ಅವರು ‘ಇಲ್ಲ’ ಅಂತ ಬರೆದುಕೊಂಡರು. ಅಲ್ಲಿ ಯಾರ ತಪ್ಪೂ ಇಲ್ಲ. ಆದರೂ ಆ ಎರಡಕ್ಷರ ಅವತ್ತಿನಿಂದ ನನ್ನ ಎದೆಯಲ್ಲಿ ಕೂತಿದೆ.

ಕವಿರಾಜಮಾರ್ಗ ತಿರುಳ್ಗನ್ನಡದ, ಅಂದರೆ ಅಚ್ಚಗನ್ನಡದ, ಊರುಗಳಲ್ಲಿ ಎಣಿಸಿದ ಕೊಪಣನಗರದ (ಈಗಿನ ಕೊಪ್ಪಳದ) ಸೀಮೆ ನಮ್ಮದು. ಉಪವಾಸವಿದ್ದು ದೇಹ ಬಿಡುವ ಜೈನ ವ್ರತ ಸಲ್ಲೇಖನ ತೊಟ್ಟು ಹೋದವರಿಗೆ ಇಲ್ಲಿ ನೆನಪಿನ ಕಲ್ಲು, ನಿಸಿದಿಗಲ್ಲು, ನಿಲ್ಲಿಸಿದರು. ದನ ಬಿಡಿಸಲು ಹೋಗಿ ಬಿದ್ದವರಿಗೆ ವೀರಗಲ್ಲು ನಿಲ್ಲಿಸುವುದು ಕನ್ನಡ ನಾಡಿನ ತುಂಬ ಇದ್ದ ಪದ್ಧತಿ. ಬಾಣಂತಿಯ ಪಕ್ಕ ರಾತ್ರಿಯಿಡೀ ಕೂತವಳಿಗೆ ಯಾರೂ ಕಲ್ಲು ನಿಲ್ಲಿಸಲಿಲ್ಲ. ನಾವು ಪದ್ಯ ನಿಲ್ಲಿಸೋಣ.

ಸಮಸ್ಯೆಯ ಸಾಲು:

*ಮಣ್ಣಾದ ಕೈಯಿನ್ನು ದುಡಿಯುತಿದೆ ನೋಡು*

ಇದು ಚೌಪದಿಯ ಕೊನೆಯ ಸಾಲು. ಐದು ಮಾತ್ರೆಯ ಗಣ. 1 ಮತ್ತು 3ನೇ ಸಾಲಿಗೆ ನಾಲ್ಕು ಗಣ, 2 ಮತ್ತು 4ನೇ ಸಾಲಿಗೆ ಮೂರು ಗಣದ ಮೇಲೆ ಮೂರು ಮಾತ್ರೆ. ಆದಿಪ್ರಾಸ ‘ಣ್ಣ’, ಅದಕ್ಕೆ ನಮ್ಮಲ್ಲಿ ಬರವಿಲ್ಲ. ಮಣ್ಣಾದ ಕೈ ಹೇಗೆ ದುಡಿದೀತು ಅನ್ನುವುದನ್ನು ಬಿಡಿಸುವುದು ನಿಮ್ಮ ಕೆಲಸ. ನಿಮ್ಮ ಊರಲ್ಲಿ ಈಚೆಗೆ ತೀರಿಕೊಂಡ ಒಬ್ಬರನ್ನು ಮನಸ್ಸಲ್ಲಿಟ್ಟುಕೊಂಡು ಬರೆಯಿರಿ. ಹೆಸರು ಬೇಡ, ಮನೆಯವರನ್ನು ಕೇಳದೆ ಹೆಸರು ಹಾಕುವುದು ಸರಿಯಲ್ಲ. ಅವರ ಕೈ ಏನು ಮಾಡುತ್ತಿತ್ತು ಅನ್ನುವುದು ಪದ್ಯದಲ್ಲಿ ಕಾಣಬೇಕು. ಸ್ವರ್ಗ, ದೀಪ, ನಕ್ಷತ್ರ ದಯವಿಟ್ಟು ಬೇಡ.

ಗಂಗಾವತಿಯ ಹುಡುಗ

ಗುರುಗಳೇ, ಮೊದಲ ಪೂರಣ ನನ್ನದೇ ಇರಲಿ. ಆರಂಭ ಹೀಗಿದೆ, ಸರಿಯಾದರೆ ಮುಂದುವರಿಸುತ್ತೇನೆ:

*ಕಣ್ಣೀರ ಸುರಿಸುತ್ತ ಊರೆಲ್ಲ ಅಳುತಿಹುದು*

ಸಮಸ್ಯೆ ಇಟ್ಟವರು

ತಮ್ಮಾ, ಗಣ ಒಂದೂ ತಪ್ಪಿಲ್ಲ, ಪ್ರಾಸವೂ ಸರಿ. ಆದರೆ ಯಾರಿಗಾಗಿ ಅಳುತ್ತಿದೆ? ಈ ಸಾಲನ್ನು ಯಾರ ಫೋಟೊ ಕೆಳಗೆ ಇಟ್ಟರೂ ಹೊಂದುತ್ತದೆ, ನನಗೆ ಅದೇ ಬೇಸರ. ಓಣಿ ಮೂಲೆಯಲ್ಲಿ ಕಟ್ಟುವ ಶ್ರದ್ಧಾಂಜಲಿ ಬ್ಯಾನರಿನಲ್ಲಿ ಫೋಟೊ ಬದಲಾಗುತ್ತದೆ, ಮಾತು ಬದಲಾಗುವುದಿಲ್ಲ. ನಿಮ್ಮ ಮನೆಯಲ್ಲಿ, ಓಣಿಯಲ್ಲಿ ಯಾರು ಹೋದರು ಹೇಳು. ಅವರ ಕೈ ನೆನಪಿಸಿಕೊ. ಅವಸರ ಇಲ್ಲ.

ಮಾನ್ವಿಯ ಅಕ್ಕ

ಶರಣ್ರೀ ಸರ. ಹರಿಕಥಾಮೃತಸಾರ ಕೇಳುತ್ತ ಬೆಳೆದ ಕಿವಿ ನಮ್ಮದು. ಜಗನ್ನಾಥದಾಸರ ಊರಲ್ಲಿ ಬಾಯಿ ತೆರೆದರೆ ಭಾಮಿನಿ ಷಟ್ಪದಿಯ ಮೂರು-ನಾಲ್ಕು ಮಾತ್ರೆಯ ನಡೆಯೇ ಬರುತ್ತದೆ, ಐದರ ನಡೆಗೆ ನಾಲಿಗೆ ತಿರುಗಿಸುವುದಕ್ಕೆ ಹೊತ್ತು ಹಿಡಿಯಿತು. ನಿಮ್ಮೂರಿನ ಅವ್ವನಿಗೇ ಬರೆದಿದ್ದೇನೆ, ನಮ್ಮೂರಲ್ಲೂ ಅಂಥವಳೊಬ್ಬಳು ಇದ್ದಳು.

*ಹೆಣ್ಣುಮಕ್ಕಳ ಹೆರಿಗೆ, ನಡುರಾತ್ರಿ, ಕಂದೀಲು,*
*ಎಣ್ಣೆ ಬಿಸಿ ಮಾಡುತ್ತ, ಹೊಕ್ಕುಳನು ಕೊಯ್ದು*
*ಉಣ್ಣಿಸಿದ ಮೊದಲ ಹನಿ ಊರ ಬಾಯೊಳಗುಂಟು;*
*ಮಣ್ಣಾದ ಕೈಯಿನ್ನು ದುಡಿಯುತಿದೆ ನೋಡು.*

ನಮ್ಮೂರಿನ ಆ ಅವ್ವ ಬಾಣಂತಿ ಮನೆಗೆ ಬಂದರೆ ಮೊದಲು ತನ್ನ ಬಳೆ ತೆಗೆದು ಗೂಟಕ್ಕೆ ಹಾಕುತ್ತಿದ್ದಳು. ಆಮೇಲೆ ಮೊಣಕೈವರೆಗೆ ಬಿಸಿನೀರಲ್ಲಿ ಕೈ ತೊಳೆದು, ಒಲೆಯ ಮುಂದೆ ಅಂಗೈ ಹಿಡಿದು ಕಾಸಿಕೊಳ್ಳುತ್ತಿದ್ದಳು. “ತಣ್ಣನ ಕೈ ಮುಟ್ಟಿದ್ರ ಕೂಸು ಒಳಗ ಹೆದರ್ತದ” ಅನ್ನುವಳು. ಗೂಟಕ್ಕೆ ಬಳೆ ಬಿತ್ತು ಅಂದರೆ ಮನೆಯ ಗಂಡಸರು ತಾವಾಗಿ ಅಂಗಳಕ್ಕೆ ಹೋಗುತ್ತಿದ್ದರು. ಹೆರಿಗೆಗಳೆಲ್ಲ ಆಸ್ಪತ್ರೆಗೆ ಹೋದ ಮೇಲೆ, ಅದು ಒಳ್ಳೆಯದೇ ಆಯಿತು, ಆಕೆ ಕೂಸುಗಳಿಗೆ ಎಣ್ಣೆ ತಿಕ್ಕಿ ಎರೆಯುವುದಕ್ಕೆ ಹೋಗುತ್ತಿದ್ದಳು. ಕೊನೆಯ ದಿನಗಳಲ್ಲಿ ಹಾಸಿಗೆಯ ಮೇಲೆ ದಿಂಬನ್ನು ಕಾಲ ಮೇಲೆ ಮಲಗಿಸಿಕೊಂಡು ತಿಕ್ಕುತ್ತಿದ್ದಳಂತೆ. ಸೊಸೆ ಹೇಳಿ ಅತ್ತಳು.

ಸಮಸ್ಯೆ ಇಟ್ಟವರು

ಅಕ್ಕಾವ್ರೇ, ಮೂರನೇ ಸಾಲಿಗೆ ಕೈ ಮುಗಿದೆ. ದುಡಿಯುವ ಕೈಯನ್ನು ಊರಿನ ಬಾಯಲ್ಲಿಟ್ಟು ತೋರಿಸಿದಿರಿ. ಈ ಪದ್ಯವನ್ನು ಆ ಮಗನಿಗೆ ಓದಿ ಹೇಳುತ್ತೇನೆ.

ಕಿನ್ನಾಳದಿಂದ

ನಮ್ಮ ಚಿತ್ರಗಾರರ ಓಣಿಯಲ್ಲಿ ಮರದ ಗೊಂಬೆ ಮಾಡುತ್ತಿದ್ದ ಅಜ್ಜನಿಗೆ.

*ಬಣ್ಣವನು ಬಳಿಬಳಿದು ಗರುಡನಿಗೆ ರೆಕ್ಕೆಯನು,*
*ಕಣ್ಣಿನಲಿ ಬೆಳಕನ್ನು ಕೊಟ್ಟವನು ಅಜ್ಜ;*
*ಸಣ್ಣ ಮೊಮ್ಮಗನವನ ಕುಂಚವನು ಹಿಡಿದಿಹನು,*
*ಮಣ್ಣಾದ ಕೈಯಿನ್ನು ದುಡಿಯುತಿದೆ ನೋಡು.*

ಸಮಸ್ಯೆ ಇಟ್ಟವರು

ಮೊದಲ ಎರಡು ಸಾಲಲ್ಲಿ ಕಿನ್ನಾಳ ಕಣ್ಣಿಗೆ ಕಟ್ಟುತ್ತದೆ. ಮೂರನೆಯದರಲ್ಲಿ ಮೊಮ್ಮಗ ಬಂದು ಸಮಸ್ಯೆಯನ್ನು ಸುಲಭವಾಗಿ ಬಿಡಿಸಿಬಿಟ್ಟ. ಅಜ್ಜನ ಕೈಯೇ ದುಡಿಯಬೇಕು, ಮೊಮ್ಮಗನದಲ್ಲ. ಮಕ್ಕಳು ಕಸುಬು ಬಿಟ್ಟ ಮನೆಗಳೂ ಇವೆಯಲ್ಲ, ಅಲ್ಲಿಯ ಅಜ್ಜಂದಿರ ಕೈ ಏನಾಗಬೇಕು? ಗೊಂಬೆಯ ಒಳಗೆ ಹುಡುಕಿ ನೋಡುತ್ತೀರಾ?

ಕಿನ್ನಾಳದಿಂದ

ಒಳಗೇ ಇತ್ತು. ಬಣ್ಣದ ಕೆಳಗೆ ಏನಿರುತ್ತದೆ ಅಂತ ಹೊರಗಿನವರಿಗೆ ಗೊತ್ತಾಗುವುದಿಲ್ಲ. ಹಗುರ ಮರವನ್ನು ಕೆತ್ತಿ ಭಾಗ ಭಾಗ ಜೋಡಿಸುತ್ತೇವೆ. ಗೋಣಿಯ ನಾರನ್ನು ನೆನೆಸಿ, ಒಣಗಿಸಿ, ಪುಡಿ ಮಾಡಿ, ಮರದ ಹೊಟ್ಟಿನ ಜೊತೆ ಹುಣಸೆಬೀಜದ ಅಂಟಿನಲ್ಲಿ ಕಲಸಿದರೆ ಕಿಟ್ಟ ಆಗುತ್ತದೆ. ಸಂದು ತುಂಬುವುದು ಅದರಿಂದ. ಬಣ್ಣ ಎಲ್ಲರೂ ಹೊಗಳುತ್ತಾರೆ, ಗೊಂಬೆ ಉಳಿಯುವುದು ಕಿಟ್ಟದ ಮೇಲೆ. ಅಜ್ಜ ಅದನ್ನು ಹೆಬ್ಬೆರಳು ತೋರುಬೆರಳ ನಡುವೆ ಎಳೆದು ನೋಡುತ್ತಿದ್ದ. ಎಳೆ ಹರಿದರೆ ಮತ್ತೆ ಕುಟ್ಟು ಅನ್ನುತ್ತಿದ್ದ, ಬೈಗುಳ ಸಮೇತ. ಮೂರನೇ ಸಾಲು ಹೀಗೆ ಬದಲಿಸಿದೆ:

*ಸಣ್ಣ ಬಿರುಕೂ ಬಿಡದು ಹುಣಸೆಬೀಜದ ಅಂಟು,*
*ಮಣ್ಣಾದ ಕೈಯಿನ್ನು ದುಡಿಯುತಿದೆ ನೋಡು.*

ಸಮಸ್ಯೆ ಇಟ್ಟವರು

ಇದು ಪೂರಣ!

ಸಿರುಗುಪ್ಪದ ಅಕ್ಕ

ನಮ್ಮ ಅತ್ತೆಗೆ. ಹೆಚ್ಚು ಮಾತಿಲ್ಲ, ಅವರೂ ಮಾತಾಡುವವರಲ್ಲ.

*ಬಣ್ಣ ಮಾಸಿದ ಸೀರೆ ತುಂಡುಗಳ ಜೋಡಿಸುತ*
*ಸಣ್ಣಸಣ್ಣಗೆ ಹೊಲಿದ ಕೌದಿಯೊಳಗಿನ್ನು*
*ಕಣ್ಣೆಳೆದು ಮಲಗಿರುವ ಕೂಸು ಬೆಚ್ಚಗೆ ಇಹುದು;*
*ಮಣ್ಣಾದ ಕೈಯಿನ್ನು ದುಡಿಯುತಿದೆ ನೋಡು.*

ಮಾನ್ವಿಯ ಅಕ್ಕ

ತಂಗೀ, ಕೌದಿ ಒಗೆಯಬೇಡ ಅಂತ ನಾನಂತೂ ಹೇಳಲಾರೆ, ಕೂಸಿರುವ ಮನೆ. ಆದರೆ ಅತ್ತೆಯ ನೆನಪಿಗೆ ಒಂದು ತುಂಡು ತೆಗೆದಿಡು.

ಲಿಂಗಸುಗೂರು ಕಡೆಯವರು

ಎಲ್ಲ ಓದಿದೆ. ಚೆನ್ನಾಗಿದಾವ. ನನ್ನದು ಬೇರೆ ದಾರಿ ಹಿಡಿದದ, ಒಪ್ಪಿದರ ಇರಲಿ.

*ಸುಣ್ಣ ಬಳಿದಿಹ ಗುಡಿಯ ಹೊಸ್ತಿಲನು ಮುಟ್ಟದವ,*
*ಉಣ್ಣುವುದು ಹೊರಗೆ, ಬಾರಿಸುವುದೂ ಹೊರಗೆ;*
*ಹುಣ್ಣಾಗಿ ಹೋಗಿತ್ತು, ಸಾವು ಸಹ ಬಿಡಲಿಲ್ಲ,*
*ಮಣ್ಣಾದ ಕೈಯಿನ್ನು ದುಡಿಯುತಿದೆ ನೋಡು.*

ನಮ್ಮಪ್ಪ ಹಲಗಿ ಬಾರಿಸ್ತಿದ್ದ. ಜಾತ್ರಿಗೆ, ಮೊಹರಂ ಅಲಾಯಿಗೆ, ಊರಾಗ ಯಾರೇ ಸತ್ತರೂ ಮಣ್ಣಿಗೆ. ನೀವು ಹೇಳಿದ ನಮೂನೆಯೊಳಗ ನಮ್ಮಪ್ಪಗ ‘ಕೂಲಿ’ ಅಂತ ಬರೆದರು. ಕೂಲಿ ಅಂದ್ರ ರೊಕ್ಕ ಕೊಡಬೇಕಲ್ರೀ. ಹಲಗಿಗೆ ಅವಗ ಯಾರೂ ಕೂಲಿ ಕೊಟ್ಟಿಲ್ಲ. ಸುಗ್ಗಿಗೆ ಊರವರು ಕೊಡೋ ಆಯದ ಜೋಳ, ಯಾರೋ ಹೊದಿಸಿದ ಒಂದು ಟವಲ್ಲು, ಮುಗೀತು. ಜ್ವರ ಇದ್ದರೂ ಕರೆದರ ಹೋಗಬೇಕು. ಒಂದು ಮಳೆಗಾಲದಾಗ ಬೆರಳ ಸಂದು ಒಡೆದು ಕೀವಾಗಿತ್ತು. ಬಟ್ಟಿ ಸುತ್ತಿಕೊಂಡು ಹೋದ. ಗೌಡರ ಮನಿ ಸಾವು ಅದು.

ಅವ ಎಂಥಾ ಬಾರಿಸುವವ ಅಂತಾನೂ ಹೇಳಬೇಕು, ಇಲ್ಲಂದ್ರ ಬರೇ ದುಃಖ ಹೇಳಿದಂಗ ಆಗ್ತದ. ಹುಲ್ಲಿನ ಬೆಂಕಿಗೆ ಹಲಗಿ ಹಿಡಿದು ಕಾಸುವಾಗ ತೊಗಲಿನ ವಾಸನಿ ಏಳ್ತಿತ್ತು. ಅದನ್ನ ಮೂಸಿ ಸಾಕು ಅಂತಿದ್ದ, ಬಾರಿಸಿ ನೋಡ್ತಿರಲಿಲ್ಲ. ಎಡಗೈಯಾಗ ಸಣ್ಣ ಕಡ್ಡಿ, ಬಲಗೈಯಾಗ ದಪ್ಪ ಕೋಲು. ಅಲಾಯಿ ಕುಣಿತಕ್ಕ ಅವನ ಹಲಗಿ ಬಂದರ ಸುತ್ತಿನ ಹಳ್ಳಿಯವರು ಕುಣಿ (ಗುಂಡಿ) ಸುತ್ತ ಜಾಗ ಹಿಡೀತಿದ್ದರು. ಅವ ಸತ್ತಾಗ ನಾ ಹಲಗಿ ಮುಟ್ಟಲಿಲ್ಲ. ಕಾಕಾ ಬಾರಿಸ್ತೀನಿ ಅಂದ, ಬ್ಯಾಡ ಅಂದೆ. ಅವನನ್ನ ಸುಮ್ಮನ ಒಯ್ದಿವಿ.

ನೀವೆಲ್ಲ ಕೈ ದುಡೀಲಿ ಅಂತ ಬರೆದೀರಿ. ನಮ್ಮಪ್ಪನ ಕೈಗೆ ವಿಶ್ರಾಂತಿ ಸಿಗಲಿ ಅಂತ ನನ್ನ ಆಸೆ.

ಸಮಸ್ಯೆ ಇಟ್ಟವರು

ಅಣ್ಣಾರೇ, ನಿಮ್ಮ ಪದ್ಯ ಓದಿದ ಮೇಲೆ ಸ್ವಲ್ಪ ಹೊತ್ತು ಏನೂ ಬರೆಯಲಾಗಲಿಲ್ಲ. ನಾನು ಸಾಲು ಕೊಟ್ಟದ್ದು ಗೌರವಕ್ಕೆ. ನೀವು ಅದೇ ಸಾಲನ್ನು ಆರೋಪವಾಗಿ ತಿರುಗಿಸಿದಿರಿ, ಒಂದಕ್ಷರ ಬದಲಿಸದೆ. ‘ನೋಡು’ ಅನ್ನುವುದು ಬೇರೆ ಪೂರಣಗಳಲ್ಲಿ ಪಾದ ತುಂಬುವ ಮಾತಿನಂತೆ ಇತ್ತು. ನಿಮ್ಮಲ್ಲಿ ಅದು ಓದುವವರ ಮುಖಕ್ಕೇ ಹೇಳಿದ್ದು. ಸಮಸ್ಯಾಪೂರಣ ಅಂದರೆ ಚಮತ್ಕಾರ ಅಂತ ತಿಳಿದವರಿಗೆ ಈ ಪದ್ಯ ತೋರಿಸಬೇಕು.

ದುಡಿಮೆಯನ್ನು ಹೊಗಳುವಾಗ ಆ ದುಡಿಮೆ ಯಾರ ಒತ್ತಾಯದ್ದು ಅಂತ ಕೇಳದಿದ್ದರೆ ಹೊಗಳಿಕೆ ಅರ್ಧ ಸುಳ್ಳಾಗುತ್ತದೆ. ಉಳಿದವರಿಗೂ ಹೇಳುತ್ತಿದ್ದೇನೆ, ಇನ್ನು ಮುಂದೆ ಬರೆಯುವ ಪೂರಣಗಳಲ್ಲಿ ಇದು ನೆನಪಿರಲಿ.

ಕಿನ್ನಾಳದಿಂದ

ಅಣ್ಣಾರೇ, ನಾನೂ ಕಸುಬಿನ ಮನೆಯವನು. ಆದರೆ ನಮ್ಮಜ್ಜ ಗೊಂಬೆ ಮಾರಿ ರೊಕ್ಕ ಎಣಿಸಿಕೊಂಡವನು. ವ್ಯತ್ಯಾಸ ಇವತ್ತು ಅರ್ಥವಾಯಿತು.

ಗಂಗಾವತಿಯ ಹುಡುಗ

ಗುರುಗಳೇ, ಮತ್ತೆ ಬಂದೆ. ನಮ್ಮ ದೊಡ್ಡಪ್ಪ ತುಂಗಭದ್ರಾ ಎಡದಂಡೆ ನಾಲೆಯಲ್ಲಿ ಗ್ಯಾಂಗ್‌ಮನ್ ಆಗಿದ್ದರು. ಸಂಕ್ರಾಂತಿ ಆದ ಮೇಲೆ ತೀರಿಕೊಂಡರು.

*ತಣ್ಣೀರ ನಾಲೆಯಲಿ ಎದೆಮಟಕೆ ಇಳಿದಿಳಿದು*
*ಹುಣ್ಣಿಮೆಗು ಅಮವಾಸೆಗೂ ತೂಬ ಕಾದ;*
*ಉಣ್ಣುತಿದೆ ಕೊನೆಯ ಹೊಲ ಅವ ಕೊಟ್ಟ ನೀರನ್ನು,*
*ಮಣ್ಣಾದ ಕೈಯಿನ್ನು ದುಡಿಯುತಿದೆ ನೋಡು.*

ನಾಲೆ ನೀರು ಕೊಪ್ಪಳ ಜಿಲ್ಲೆ ದಾಟಿ ಸಿಂಧನೂರು, ಮಾನ್ವಿ, ಸಿರವಾರದ ಕಡೆ ಹೋಗಬೇಕು. ಮೇಲಿನವರು ರಾತ್ರಿ ಪಂಪು ಇಟ್ಟು ಎಳೆದರೆ ಕೆಳಗಿನವರ ಭತ್ತ ಒಣಗುತ್ತದೆ. ದೊಡ್ಡಪ್ಪ ಬ್ಯಾಟರಿ ಹಿಡಿದು ಏರಿ ಮೇಲೆ ನಡೆಯುತ್ತಿದ್ದರು. ತೂಬಿಗೆ ತುರುಕಿದ ಗೋಣಿಚೀಲ ಎಳೆದು ತೆಗೆಯಲು ನೀರಿಗಿಳಿಯುತ್ತಿದ್ದರು. ಮೇಲಿನ ಹೊಲದವರೆಲ್ಲ ನಮ್ಮ ಬೀಗರೇ, ಎಷ್ಟೋ ಮದುವೆಗಳಿಗೆ ನಮ್ಮನ್ನು ಕರೆಯಲಿಲ್ಲ. 2024ರ ಆಗಸ್ಟ್‌ನಲ್ಲಿ ಡ್ಯಾಮಿನ 19ನೇ ಕ್ರೆಸ್ಟ್ ಗೇಟು ಕೊಚ್ಚಿ ಹೋದಾಗ ಅವರು ಕೆಲಸ ಬಿಟ್ಟು ಎಷ್ಟೋ ವರ್ಷ ಆಗಿತ್ತು. ಆದರೂ ಟಿವಿ ಮುಂದೆ ಕೂತು, “33 ಗೇಟಿನೊಳಗ ಒಂದು ಹೋದ್ರ ಮುಗೀತೇನು, ಇಳಸ್ರಿ, ಏನರ ಇಳಸ್ರಿ” ಅಂತ ಕೂಗುತ್ತಿದ್ದರು. ಗೇಟಿನ ಜಾಗಕ್ಕೆ ನೀರು ತಡೆಯುವ ಸ್ಟಾಪ್ ಲಾಗ್ ಕೂತಿತು ಅನ್ನುವ ಸುದ್ದಿ ಬಂದ ಮೇಲೆ ಹೊಟ್ಟೆ ತುಂಬ ಉಂಡರು.

ಮಾನ್ವಿಯ ಅಕ್ಕ

ತಮ್ಮಾ, ಕೊನೆಯ ಹೊಲ ಅಂದರೆ ನಮ್ಮದು. ನೀರು ಬಂದ ವರ್ಷ ಯಾರು ಬಿಟ್ಟರು ಅಂತ ನಾವು ಕೇಳಲೇ ಇಲ್ಲ. ನಿಮ್ಮ ದೊಡ್ಡಮ್ಮನಿಗೆ ನನ್ನ ಶರಣು ಹೇಳು.

ಸಮಸ್ಯೆ ಇಟ್ಟವರು

ಈ ಅಮಾವಾಸ್ಯೆಯ ಭಜನೆಯ ದಿನ ನಮ್ಮೂರಲ್ಲಿ ಎಲ್ಲ ಪದ್ಯಗಳನ್ನೂ ಓದಬೇಕೆಂದಿದೆ. ಬರೆದವರು ಬಂದು ತಮ್ಮ ಬಾಯಿಂದಲೇ ಓದಿದರೆ ಚಂದ. ಊಟದ ವ್ಯವಸ್ಥೆ ನಮ್ಮದು.

ಲಿಂಗಸುಗೂರು ಕಡೆಯವರು

ಎಲ್ಲಿ ಓದೋದು? ಗುಡಿ ಒಳಗೋ, ಹೊರಗ ಕಟ್ಟಿ ಮ್ಯಾಲೋ?

ಸಮಸ್ಯೆ ಇಟ್ಟವರು

ಗುಡಿ ಒಳಗೇ ಅಂತ ಹಿರಿಯರ ಹತ್ತಿರ ಕೇಳಿದೆ. ಇಬ್ಬರು ಒಪ್ಪಿಲ್ಲ, ಅದನ್ನು ನಿಮ್ಮಿಂದ ಮುಚ್ಚಿಡುವುದಿಲ್ಲ. ಅವರು ಒಪ್ಪದೆ ಹೋದರೆ ಭಜನೆಯನ್ನೇ ಶಾಲೆಯ ಅಂಗಳಕ್ಕೆ ತರುತ್ತೇವೆ. ಒಂದೇ ಜಮಖಾನ, ಒಂದೇ ಪಂಕ್ತಿ. ನಿಮ್ಮ ಪದ್ಯ ಮೊದಲು.

ಲಿಂಗಸುಗೂರು ಕಡೆಯವರು

ಶಾಲಿ ಆಗಲಿ. ಬರ್ತೀನಿ. ಹಲಗಿ ತರೋದಿಲ್ಲ.