ಅಪ್‌ಡೇಟ್: ಜೋಸೆಕಿ ಕಲಿಯಲು ಯಾವ ಟೂಲ್?

ದಾವಣಗೆರೆಯಲ್ಲಿ ಗೋ (ಕಪ್ಪು-ಬಿಳಿ ಕಲ್ಲುಗಳ ಹಲಗೆಯಾಟ) ಆಡುವವರೇ ಅಪರೂಪ, ಹೇಳಿಕೊಡುವವರಿಲ್ಲ, ಜೋಸೆಕಿ ಅಂದರೆ ಮೂಲೆಯ ಆರಂಭಿಕ ನಡೆಗಳನ್ನು ಎಲ್ಲಿ ನೋಡಿ ಕಲಿಯಲಿ ಅಂತ ಕೇಳಿದ್ದೆ. ಸಲಹೆ ಕೊಟ್ಟವರಿಗೆಲ್ಲ ತುಂಬಾ ಧನ್ಯವಾದ.

ಕೊಗೋ ಜೋಸೆಕಿ ಡಿಕ್ಷನರಿ ಒಂದು ಎಸ್‌ಜಿಎಫ್ ಫೈಲ್, ಅಂದರೆ ಗೋ ನಡೆಗಳನ್ನು ಬರೆದಿಡುವ ಫೈಲ್. ಮೊಬೈಲಿಗೆ ಹಾಕಿಕೊಂಡರೆ ನೆಟ್ ಬೇಡ, ಚಿತ್ರದುರ್ಗದ ಬಸ್ಸಲ್ಲೂ ತಿರುವಿಹಾಕಬಹುದು. ಆದರೆ ಅದರ ಎಷ್ಟೋ ತೀರ್ಪುಗಳು ಎಐಗಿಂತ ಹಿಂದಿನವು. 4-4ರಲ್ಲಿ (ಮೂಲೆಯ ಎರಡೂ ಅಂಚಿನಿಂದ ನಾಲ್ಕನೇ ಗೆರೆ) ಎದುರಾಳಿಯ ಕಲ್ಲಿದ್ದಾಗ ಶುರುವಿನಲ್ಲೇ 3-3ಕ್ಕೆ (ಎರಡೂ ಅಂಚಿನಿಂದ ಮೂರನೇ ಗೆರೆ) ನುಗ್ಗುವುದನ್ನು ಮೊದಲು ಆತುರ ಅನ್ನುತ್ತಿದ್ದರು. ಆಲ್ಫಾಗೋ ಅನ್ನುವ ಎಐ ಬಂದ ಮೇಲೆ ವೃತ್ತಿಪರರೇ ಧಾರಾಳವಾಗಿ ಆಡುತ್ತಾರೆ.

ನನಗೆ ನಿಜಕ್ಕೂ ಹಿಡಿಸಿದ್ದು ವಾಲ್ಥೇರಿ ವೆಬ್‌ಸೈಟಿನ ಪ್ಯಾಟರ್ನ್ ಸರ್ಚ್. ಕಲ್ಲುಗಳನ್ನು ಇಟ್ಟರೆ ಸಾಕು, ವೃತ್ತಿಪರರು ಮುಂದಿನ ನಡೆಯನ್ನು ಎಲ್ಲೆಲ್ಲಿ, ಎಷ್ಟು ಸಲ ಆಡಿದ್ದಾರೆ ಅಂತ ತೋರಿಸುತ್ತದೆ. ಅದೇ 3-3 ದಾಳಿಯನ್ನು ಯಾವ ಕಡೆಯಿಂದ ತಡೆಯಬೇಕು ಅನ್ನುವುದು ಪಕ್ಕದ ಮೂಲೆಗಳಲ್ಲಿ ಯಾರ ಕಲ್ಲಿದೆ ಅನ್ನುವುದರ ಮೇಲಿದೆ. ಮೂಲೆಯನ್ನಷ್ಟೇ ಬಾಯಿಪಾಠ ಮಾಡಿದರೆ ಇದು ಹೊಳೆಯುವುದೇ ಇಲ್ಲ.

ಕಟಾಗೋ ಅನ್ನುವ ಗೋ ಎಐ ಉಚಿತ, ಬಲಶಾಲಿ. ಎಷ್ಟು ಅಂಕದ ವ್ಯತ್ಯಾಸ ಅಂತ ಹೇಳುತ್ತದೆ, ಯಾಕೆ ಅಂತ ಹೇಳಲ್ಲ. ಹಾಗಾಗಿ ಮೊದಲು ಆಟ, ಆಮೇಲೆ ವಾಲ್ಥೇರಿ, ಕೊನೆಗೆ ಕಟಾಗೋ. ವಿದ್ಯಾನಗರದ ಕಡೆ ಯಾರಾದರೂ ಆಡುವವರಿದ್ದರೆ ದಯವಿಟ್ಟು ತಿಳಿಸಿ, 19×19 ಹಲಗೆ ನನ್ನ ಹತ್ತಿರ ಇದೆ.