ಪದಚರ್ಚೆ: ‘ಕೊಚ್‌ಮೊನ್’ ಅಂದರೆ ಅಲೆಮಾರಿಯಾ? ‘ಜೈಲೋ’ಗೆ ಕನ್ನಡದಲ್ಲಿ ಏನನ್ನೋಣ?

ಎಲ್ಲರಿಗೂ ನಮಸ್ಕಾರ.

ಹೋದ ವರ್ಷ ಜುಲೈನಲ್ಲಿ ನಾವು ಹನ್ನೆರಡು ಜನ ಕಿರ್ಗಿಸ್ತಾನಕ್ಕೆ ಹೋಗಿ ಬಂದೆವು. ಹೆಚ್ಚಿನವರು ಧಾರವಾಡ, ಬೆಳಗಾವಿ ಕಡೆಯವರು. ಜೊತೆಗೆ ಅಲ್ಲಿನವರೇ ಆದ ಒಬ್ಬ ಗೈಡ್ ಇದ್ದರು. ಬಿಶ್ಕೆಕ್‌ನಿಂದ ಕೊಚ್ಕೋರ್, ಅಲ್ಲಿಂದ ಬೆಟ್ಟ ಹತ್ತಿ ಸೋನ್‌ಕೊಲ್ ಸರೋವರ, ಆಮೇಲೆ ಇಸಿಕ್‌ಕೊಲ್ ದಂಡೆ. ಅಲ್ಲಿನ ಕುದುರೆ ಆಟಗಳ ಹಬ್ಬ ನೋಡಬೇಕು, ಬೆಟ್ಟದ ಮೇಲೆ ನಾಲ್ಕು ದಿನ ಆ ಜನರ ಜೊತೆ ಇರಬೇಕು ಅನ್ನುವುದೇ ಮುಖ್ಯ ಆಸೆ. ಈ ಸಲ ಇನ್ನೊಂದು ತಂಡ ಹೊರಟಿದೆ. ಅದರಲ್ಲಿ ಕನ್ನಡ ಮಾತ್ರ ಓದುವ ಹಿರಿಯರು ಜಾಸ್ತಿ. ಅವರಿಗೆ ಒಂದು ಸಣ್ಣ ಕೈಪಿಡಿ ಬರೆದುಕೊಡುವ ಕೆಲಸ ನನಗೆ ಬಂದಿದೆ, ನಾನೂ ಖುಷಿಯಿಂದಲೇ ಒಪ್ಪಿಕೊಂಡೆ. ಆದರೆ ಬರೆಯಲು ಕೂತಾಗ ಮೊದಲ ಸಾಲಿನಲ್ಲೇ ಕೈ ನಿಂತಿತು.

ನಿಲ್ಲಿಸಿದ ಪದ ‘ಅಲೆಮಾರಿ’.

ನಮಗೆ ಹೋದ ಸಲ ಪ್ರವಾಸದವರು ಕೊಟ್ಟ ಕನ್ನಡ ಹಾಳೆಯಲ್ಲಿ ‘ಅಲೆಮಾರಿಗಳ ಹಬ್ಬ’ ಅಂತ ಇತ್ತು. ಅದನ್ನು ಓದಿಕೊಂಡು ಬಂದಿದ್ದ ನಮ್ಮ ತಂಡದ ಅಜ್ಜಿಯೊಬ್ಬರು ಸೋನ್‌ಕೊಲ್ ದಂಡೆಯಲ್ಲಿ ನಮ್ಮನ್ನು ಇಟ್ಟುಕೊಂಡಿದ್ದ ಮನೆಯಾಕೆಯನ್ನು ನೋಡಿ, ಪಾಪ ಇವರಿಗೆ ಎಲ್ಲೂ ನೆಲೆ ಇಲ್ಲವಾ ಅಂತ ಮರುಗಿದರು. ಗೈಡ್ ಅದನ್ನು ಹಾಗೇ ಅನುವಾದ ಮಾಡಿಬಿಟ್ಟರು. ಆಕೆ ಬೇಜಾರು ಮಾಡಿಕೊಳ್ಳಲಿಲ್ಲ. ಅಜ್ಜಿಯ ಕೈ ಹಿಡಿದು ಹೊರಗೆ ಕರೆದುಕೊಂಡು ಹೋಗಿ, ಪಕ್ಕದ ಹುಲ್ಲಿನಲ್ಲಿ ದುಂಡಗೆ ಬಿದ್ದಿದ್ದ ಹಳೆಯ ಗುರುತು ತೋರಿಸಿದರು. ಅದು ಅತ್ತೆಯವರ ಮನೆ ನಿಲ್ಲುತ್ತಿದ್ದ ಜಾಗವಂತೆ. ಪ್ರತಿ ಬೇಸಿಗೆಗೆ ಬಂದು ನಿಲ್ಲುವುದು ಇದೇ ಹುಲ್ಲಿನ ಮೇಲೆ, ಇದೇ ತೊರೆಯ ಪಕ್ಕ. ಕೆಳಗಿನ ಊರಲ್ಲಿ ಅವರಿಗೆ ಗೋಡೆ ಕಟ್ಟಿದ ಮನೆ ಇದೆ, ಮಕ್ಕಳ ಶಾಲೆ ಇದೆ. ಜೂನ್ ಹೊತ್ತಿಗೆ ಮಂದೆ ಹೊಡೆದುಕೊಂಡು ಮೇಲೆ ಬರುತ್ತಾರೆ, ಸೆಪ್ಟೆಂಬರಿನಲ್ಲಿ ಹಿಮ ಬೀಳುವ ಮುಂಚೆ ಇಳಿಯುತ್ತಾರೆ. ಇದರಲ್ಲಿ ಅಲೆಯುವುದು ಎಲ್ಲಿ ಬಂತು?

ಕಿರ್ಗಿಜ್ ಮಾತಿನಲ್ಲಿ ಅವರು ತಮ್ಮ ಹಿಂದಿನವರನ್ನು ಕರೆಯುವುದು ‘ಕೊಚ್‌ಮೊನ್’ ಅಂತ. ‘ಕೊಚ್’ ಅಂದರೆ ಮನೆ ಮಂದಿ, ಸಾಮಾನು, ದನಕರು ಎಲ್ಲ ಕಟ್ಟಿಕೊಂಡು ಒಂದು ಜಾಗದಿಂದ ಇನ್ನೊಂದಕ್ಕೆ ಹೊರಡುವುದು. ಹೊರಡುವ ಆ ಸಾಲಿಗೂ ಅದೇ ಹೆಸರು. ಹಿಂದಿಯಲ್ಲಿ ‘ಕೂಚ್ ಕರ್ನಾ’ ಅನ್ನುತ್ತಾರಲ್ಲ, ದಂಡು ಹೊರಡುವುದಕ್ಕೆ, ಆ ಕೂಚ್ ಫಾರಸಿ ದಾರಿಯಲ್ಲಿ ಬಂದ ಇದೇ ತುರ್ಕಿ ಮೂಲದ ಮಾತು. ನಮ್ಮ ಹಳೆಯ ಬಖೈರುಗಳಲ್ಲಿ, ದಂಡಿನ ಕಾಗದಗಳಲ್ಲಿ ‘ಕೂಚು’ ಅಂತ ಕಂಡವರಿದ್ದರೆ ದಯವಿಟ್ಟು ಸಾಲು ಸಮೇತ ಕಳಿಸಿ. ಸಿಕ್ಕರೆ ನನಗೆ ತುಂಬ ಉಪಯೋಗ.

‘ಅಲೆಮಾರಿ’ ಕೆಟ್ಟ ಪದ ಅಂತ ನಾನು ಹೇಳುತ್ತಿಲ್ಲ. ನಮ್ಮ ರಾಜ್ಯದಲ್ಲಿ ಅಲೆಮಾರಿ, ಅರೆ ಅಲೆಮಾರಿ ಸಮುದಾಯಗಳು ಆ ಹೆಸರು ಹಿಡಿದೇ ತಮ್ಮ ಹಕ್ಕು ಕೇಳುತ್ತಿವೆ, ಅಲ್ಲಿ ಆ ಪದಕ್ಕೆ ಅದರದೇ ತೂಕ ಇದೆ. ಆದರೆ ‘ಅಲೆ’ ಅಂದ ಕೂಡಲೇ ಗೊತ್ತುಗುರಿ ಇಲ್ಲದೆ ತಿರುಗುವುದು ಅನ್ನುವ ಅರ್ಥ ಓದುವವರ ಮನಸ್ಸಿಗೆ ಬಂದೇ ಬರುತ್ತದೆ. ‘ವಲಸೆ’ ಅಂದರೆ ಹೋದವರು ಹೋದರು ಅನ್ನಿಸುತ್ತದೆ. ‘ಗುಳೆ’ಯಂತೂ ಬರ ಬಿದ್ದು ಹೊಟ್ಟೆಪಾಡಿಗೆ ಊರು ಬಿಡುವುದು, ಸಂಕಟದ ಮಾತು. ಇವರದು ಸಂಕಟ ಅಲ್ಲ. ಹುಲ್ಲು ಎಲ್ಲಿ ಯಾವಾಗ ಚಿಗುರುತ್ತದೆ ಅಂತ ತಿಳಿದು ನಡೆಯುವ ಲೆಕ್ಕ ಅದು. 1920ರ ದಶಕದ ಕೊನೆಯಿಂದ ಸೋವಿಯತ್ ಸರ್ಕಾರ ಇವರನ್ನು ಒತ್ತಾಯದಿಂದ ಸಾಮೂಹಿಕ ಬೇಸಾಯಕ್ಕೆ ತಂದು ಊರುಗಳಲ್ಲಿ ಕೂರಿಸಿತು. ಈಗ ಹೆಚ್ಚಿನವರು ನೆಲೆನಿಂತವರೇ. ಆದರೂ ಬೇಸಿಗೆಗೆ ಬೆಟ್ಟ ಏರುವುದು ಉಳಿದುಕೊಂಡಿದೆ.

ನಮ್ಮ ಬೆಳಗಾವಿ ಕಡೆ ಕುರಿಗಾರರು ಮಂದೆ ಹೊಡೆದುಕೊಂಡು ತಿಂಗಳುಗಟ್ಟಲೆ ಹೋಗುತ್ತಾರೆ. ಯಾವ ಊರಿನ ಯಾರ ಹೊಲದಲ್ಲಿ ಕುರಿ ತರುಬಬೇಕು ಅನ್ನುವುದು ಅವರಿಗೆ ವರ್ಷದ ಮುಂಚೆಯೇ ಗೊತ್ತಿರುತ್ತದೆ. ಅವರನ್ನು ಊರಲ್ಲಿ ಯಾರೂ ಅಲೆಮಾರಿ ಅನ್ನುವುದಿಲ್ಲ, ಕುರಿಗಾರರು ಅಂತಲೇ ಅನ್ನುತ್ತಾರೆ. ಅದಕ್ಕೇ ಸದ್ಯಕ್ಕೆ ನಾನು ‘ಸಂಚಾರಿ ಮಂದೆಗಾರರು’ ಅಂತ ಬರೆದಿಟ್ಟಿದ್ದೇನೆ. ಅವರ ಮಂದೆಯಲ್ಲಿ ಕುರಿ ಅಷ್ಟೇ ಅಲ್ಲ, ಕುದುರೆ, ದನ, ಯಾಕ್ ಎಲ್ಲ ಇರುವುದರಿಂದ ‘ಕುರಿಗಾರರು’ ಅಂದರೆ ಸಾಲದು. ‘ಸಂಚಾರಿ’ ಸ್ವಲ್ಪ ಪುಸ್ತಕದ ಪದ ಅನ್ನಿಸುತ್ತಿದೆ. ಇದಕ್ಕಿಂತ ಒಳ್ಳೆಯದು ಇದ್ದರೆ ಹೇಳಿ.

ಎರಡನೆಯದು ‘ಜೈಲೋ’. ಬೇಸಿಗೆಯಲ್ಲಿ ಮಂದೆ ಮೇಯಿಸುವ ಬೆಟ್ಟದ ಹುಲ್ಲುಗಾವಲು. ಇಂಗ್ಲಿಷ್ ಬರಹದಲ್ಲಿ ಕೊನೆಗೆ ಎರಡು ‘ಒ’ ನೋಡಿ ನಮ್ಮ ಹಾಳೆಯಲ್ಲಿ ‘ಜೈಲೂ’ ಅಂತ ಬರೆದಿದ್ದರು. ‘ಎರಡನೇ ದಿನ ಜೈಲೂ ದರ್ಶನ’ ಅಂತ ಓದಿ ನಮ್ಮವರು ಯಾವ ಜೈಲು, ಯಾಕೆ ಅಂತ ಕೇಳಿದ್ದು ಸಹಜವೇ. ಉಚ್ಚಾರ ದೀರ್ಘ ‘ಓ’ಕಾರ, ಜೈಲೋ. ದಯವಿಟ್ಟು ಇನ್ನು ಮುಂದೆ ಕನ್ನಡದಲ್ಲಿ ಬರೆಯುವವರು ಹೀಗೇ ಬರೆಯಿರಿ.

ಈ ಪದದ ಕಟ್ಟು ತುಂಬ ಚೆನ್ನಾಗಿದೆ. ‘ಜಾಯ್’ ಅಂದರೆ ಬೇಸಿಗೆ, ಅದಕ್ಕೆ ಒಂದು ಬಾಲ ಸೇರಿದರೆ ಜೈಲೋ. ‘ಕಿಶ್’ ಅಂದರೆ ಚಳಿಗಾಲ, ಅದರ ಬೀಡು ‘ಕಿಶ್ತೋ’. ವಸಂತ ‘ಜಾಜ್’, ಅದಕ್ಕೆ ‘ಜಾಜ್ದೋ’. ಎಲೆ ಉದುರುವ ಕಾಲ ‘ಕುಜ್’, ಅದಕ್ಕೆ ‘ಕುಜ್ದೋ’. ನಾಲ್ಕು ಕಾಲ, ನಾಲ್ಕು ಮೇವಿನ ಜಾಗ, ಒಂದೇ ಪ್ರತ್ಯಯ. ಇದನ್ನು ಕೇಳಿದಾಗ ನನಗೆ ನೆನಪಾಗಿದ್ದು ನಮ್ಮ ಅಮೃತ ಮಹಲ್ ಕಾವಲುಗಳು. ಮೈಸೂರು ಸಂಸ್ಥಾನದಲ್ಲಿ ಆ ದನಗಳಿಗೆ ಬಿಟ್ಟ ಹುಲ್ಲುನೆಲವನ್ನು ಬೇಸಿಗೆ ಕಾವಲು, ಮಳೆಗಾಲದ ಕಾವಲು, ಚಳಿಗಾಲದ ಕಾವಲು ಅಂತಲೇ ವಿಂಗಡಿಸಿದ್ದರು. ಅಂದರೆ ಕಾಲಕ್ಕೊಂದು ಮೇವಿನ ಜಾಗ ಅನ್ನುವ ಕಲ್ಪನೆ ಕನ್ನಡಕ್ಕೆ ಹೊಸದಲ್ಲ. ‘ಹುಲ್ಲುಗಾವಲು’ ಪದದ ಒಳಗೇ ಆ ಕಾವಲು ಕೂತಿದೆ. ಹಾಗಾಗಿ ಜೈಲೋಗೆ ‘ಬೇಸಿಗೆ ಕಾವಲು’ ಅನ್ನಬಹುದಲ್ವಾ?

ನನಗಿರುವ ಒಂದೇ ಅನುಮಾನ ಎತ್ತರದ್ದು. ಸೋನ್‌ಕೊಲ್ 3,016 ಮೀಟರ್ ಎತ್ತರದಲ್ಲಿದೆ. ಕಣ್ಣು ಹಾಯುವಷ್ಟು ದೂರ ಒಂದೇ ಒಂದು ಮರ ಇಲ್ಲ, ಬರೀ ಹುಲ್ಲು, ನೀರು, ಸುತ್ತ ಹಿಮ ಹೊತ್ತ ಬೆಟ್ಟ. ‘ಕಾವಲು’ ಅಂದರೆ ಬೀರೂರು, ಅಜ್ಜಂಪುರ ಕಡೆಯ ಬಯಲು ಕಣ್ಣಿಗೆ ಬರುತ್ತದೆ, ಬೆಟ್ಟದ ತಲೆ ಬರುವುದಿಲ್ಲ. ಮಲೆನಾಡಿನವರು ಹುಲ್ಲಿನ ಗುಡ್ಡಕ್ಕೆ ‘ಬ್ಯಾಣ’ ಅನ್ನುತ್ತಾರೆ, ಕೊಡಗಿನಲ್ಲಿ ‘ಬಾಣೆ’ ಇದೆ. ಎತ್ತರದ ವಾಸನೆ ಇವುಗಳಲ್ಲಿ ಸ್ವಲ್ಪ ಇದೆಯಾದರೂ ಬಾಣೆಯಲ್ಲಿ ಮರ ಇರುತ್ತದೆ, ಜೊತೆಗೆ ಕಂದಾಯದ ಅರ್ಥವೂ ಅಂಟಿಕೊಂಡಿದೆ. ಬ್ಯಾಣದ ಬಗ್ಗೆ ಶಿರಸಿ, ಸಾಗರದವರು ಹೇಳಬೇಕು. ಬೇಸಿಗೆಗೆ ಮಾತ್ರ ಮೇಯಿಸುವ ಬ್ಯಾಣಕ್ಕೆ ನಿಮ್ಮಲ್ಲಿ ಬೇರೆ ಹೆಸರು ಉಂಟಾ?

ಇನ್ನು ಅವರ ಮನೆ. ಎಲ್ಲರೂ ‘ಯರ್ಟ್’ ಅನ್ನುತ್ತಾರೆ. ಅದು ರಷ್ಯನ್ ಬಾಯಲ್ಲಿ ತಿರುಗಿ ಬಂದ ಹೆಸರು. ಕಿರ್ಗಿಜ್‌ನಲ್ಲಿ ‘ಜುರ್ತ್’ ಅಂದರೆ ಜನ, ನಾಡು, ಬೀಡು ಬಿಟ್ಟ ನೆಲ. ಮನೆಗೆ ಅವರು ಹೇಳುವುದು ‘ಬೊಜ್ ಉಯ್’, ಬೂದು ಮನೆ ಅಂತ ಅರ್ಥ. ಗಮನಿಸಿ, ‘ಉಯ್’ ಅಂದರೆ ಮನೆಯೇ. ಅದನ್ನು ನಾವು ‘ಡೇರೆ’, ‘ಗುಡಾರ’, ‘ಟೆಂಟು’ ಅಂದರೆ ಸರ್ಕಸ್ಸಿನವರದ್ದೋ ದಂಡಿನವರದ್ದೋ ಆಗಿಬಿಡುತ್ತದೆ. ಅದರಲ್ಲಿ ಬಾಗಿಲು ಇದೆ, ಮಡಚಿ ಬಿಚ್ಚುವ ಮರದ ಜಾಲರಿ ಗೋಡೆ ‘ಕೆರೆಗೆ’ ಇದೆ, ಮಾಡಿನ ಬಾಗಿದ ಗಳು ‘ಊಕ್’ ಇದೆ, ತುದಿಯಲ್ಲಿ ಆ ಗಳುಗಳೆಲ್ಲ ಬಂದು ಸೇರುವ ಮರದ ಬಳೆ ‘ತುಂದುಕ್’ ಇದೆ. ಈ ತುಂದುಕ್ ಅವರ ಬಾವುಟದ ನಡುವೆಯೇ ಇದೆ, ಸುತ್ತ ನಲವತ್ತು ಕಿರಣ. ಹೊಗೆ ಹೋಗುವುದೂ ಬೆಳಕು ಬರುವುದೂ ಅಲ್ಲಿಂದಲೇ. ನಮ್ಮ ಕಡೆ ಮಣ್ಣಿನ ಮಾಳಿಗೆ ಮನೆಗಳಲ್ಲಿ ನೆತ್ತಿಗೆ ಬಿಡುವ ‘ಬೆಳಕಿಂಡಿ’ ಇದೆಯಲ್ಲ, ಕೆಲಸ ಅದೇ. ಬೆಳಗಿನ ಬಿಸಿಲು ಅದರಿಂದ ಕೋಲಿನಂತೆ ಇಳಿದು ನೆಲದ ಮೇಲೆ ದುಂಡಗೆ ಬಿದ್ದಾಗ ನನಗೆ ನಮ್ಮಜ್ಜಿಯ ಅಡುಗೆಮನೆ ಕಣ್ಣಿಗೆ ಕಟ್ಟಿತು. ಅದಕ್ಕೆ ‘ಬೆಳಕಿಂಡಿ’ ಅಂತಲೇ ಬರೆದಿದ್ದೇನೆ, ಇದರಲ್ಲಿ ನನಗೆ ಅನುಮಾನ ಇಲ್ಲ.

ಕಷ್ಟ ಆಗಿರುವುದು ಹೊದಿಕೆ. ಅದು ‘ಕಿಯಿಜ್’. ಉಣ್ಣೆಯನ್ನು ನೇಯುವುದಿಲ್ಲ. ಜೊಂಡಿನ ಚಾಪೆಯ ಮೇಲೆ ಹರಡಿ, ಬಿಸಿನೀರು ಹೊಯ್ದು, ಚಾಪೆ ಸಮೇತ ಸುತ್ತಿ, ನಾಲ್ಕಾರು ಜನ ಒಟ್ಟಿಗೆ ತುಳಿದು ಉರುಳಿಸುತ್ತಾರೆ. ಎಳೆಗಳು ಒಂದಕ್ಕೊಂದು ಕಚ್ಚಿಕೊಂಡು ದಪ್ಪ ಹಾಳೆಯಾಗುತ್ತದೆ. ಬಣ್ಣ ಹಾಕಿದ ಹಾಳೆಗಳನ್ನು ಕತ್ತರಿಸಿ ಹೊಲಿದು ಮಾಡುವ ‘ಶಿರ್ದಾಕ್’ ಹಾಸು ಕೊಚ್ಕೋರ್‌ನಲ್ಲಿ ನೋಡಿದೆವು. ಆ ಕಲೆ 2012ರಲ್ಲಿ ಯುನೆಸ್ಕೋದ ತುರ್ತಾಗಿ ಉಳಿಸಬೇಕಾದ ಪರಂಪರೆಗಳ ಪಟ್ಟಿಗೆ ಸೇರಿದೆ. ಇದಕ್ಕೆ ‘ಕಂಬಳಿ’ ಅಂದರೆ ತಪ್ಪು. ನಮ್ಮ ಕಂಬಳಿ ನೂತು, ಮಗ್ಗದಲ್ಲಿ ನೇಯ್ದು, ಹುಣಸೆ ಬೀಜದ ಸರಿ ಹಾಕಿ ಬಿಗಿ ಮಾಡಿದ್ದು. ನಾನು ‘ಒತ್ತುಗಂಬಳಿ’ ಅಂತ ಕಟ್ಟಿದ್ದೇನೆ. ಕಿವಿಗೆ ಹೇಗಿದೆ? ಒಪ್ಪಿಗೆಯಾದರೆ ಬೊಜ್ ಉಯ್‌ಗೆ ‘ಒತ್ತುಗಂಬಳಿ ಮನೆ’ ಅಂತ ಒಮ್ಮೆ ವಿವರಿಸಿ, ಆಮೇಲೆ ಬೊಜ್ ಉಯ್ ಅಂತಲೇ ಮುಂದುವರಿಸುತ್ತೇನೆ.

ಆಟಗಳ ಹೆಸರು ಹಾಗೇ ಉಳಿಸುವುದು ವಾಸಿ. ‘ಕೊಕ್ ಬೊರು’ ಅಂದರೆ ಬೂದು ತೋಳ. ‘ಕೊಕ್’ ಅನ್ನುವುದು ನೀಲಿಗೂ ಬೂದಿಗೂ ಹಸಿರಿಗೂ ಸಲ್ಲುವ ಬಣ್ಣ, ಆದರೆ ‘ನೀಲಿ ತೋಳ’ ಅಂತ ಬರೆದರೆ ಓದುವವರು ತಬ್ಬಿಬ್ಬಾಗುತ್ತಾರೆ. ಎರಡು ತಂಡ ಕುದುರೆ ಮೇಲೆ ಬಂದು, ತಲೆ ತೆಗೆದ ಆಡಿನ ಒಡಲನ್ನು ಕಿತ್ತಾಡಿ ಎದುರಾಳಿಯ ‘ಕಜಾನ್’ (ದೊಡ್ಡ ಕಡಾಯಿಯಂಥ ಗೋಲು) ಒಳಗೆ ಎಸೆಯುವ ಆಟ ಇದು. ಹಿರಿಯರಿಗೆ ಮುಂಚೆಯೇ ಹೇಳಬೇಕು, ನೋಡಲು ಎಲ್ಲರಿಗೂ ಆಗುವುದಿಲ್ಲ. ‘ಎರ್ ಎನಿಶ್’ ಕುದುರೆ ಮೇಲಿನ ಕುಸ್ತಿ. ಇವೆಲ್ಲ ಸೇರುವ ದೊಡ್ಡ ಕೂಟವೇ ‘ದುಯ್ನೊಲುಕ್ ಕೊಚ್‌ಮೊಂದೊರ್ ಒಯುಂದರಿ’. ಮೊದಲ ಪದದಲ್ಲಿ ನಮ್ಮ ‘ದುನಿಯಾ’ ಕೇಳಿಸಿತಾ? ಎರಡಕ್ಕೂ ಅರಬ್ಬಿಯೇ ತಾಯಿ. 2014, 2016, 2018ರಲ್ಲಿ ಇಸಿಕ್‌ಕೊಲ್ ದಂಡೆಯ ಚೊಲ್ಪೊನ್ ಅತಾದಲ್ಲಿ ನಡೆಯಿತು, 2022ರಲ್ಲಿ ಟರ್ಕಿಗೆ, 2024ರಲ್ಲಿ ಕಜಾಕಿಸ್ತಾನಕ್ಕೆ ಹೋಯಿತು. ‘ವಿಶ್ವ ಅಲೆಮಾರಿ ಕ್ರೀಡಾಕೂಟ’ ಅನ್ನುವ ಬದಲು ಏನು ಬರೆಯಲಿ ಅನ್ನುವುದೂ ಮೇಲಿನ ಪ್ರಶ್ನೆಯ ಮೇಲೇ ನಿಂತಿದೆ.

ಕಿರ್ಗಿಜರ ಮಹಾಕಾವ್ಯ ‘ಮನಾಸ್’ ಹಾಡುವವರು ‘ಮನಾಸ್ಚಿ’, ಹದ್ದು ಪಳಗಿಸಿ ಬೇಟೆಯಾಡುವವರು ‘ಬುರ್ಕುತ್ಚು’. ಈ ‘ಚಿ’ ನಮಗೆ ಹೊಸದಲ್ಲ. ಖಜಾಂಚಿ, ಮಶಾಲ್ಚಿ ಪದಗಳ ತುದಿಯಲ್ಲಿರುವುದು ಇದೇ ತುರ್ಕಿ ಪ್ರತ್ಯಯ. ಅವರಲ್ಲಿ ಹಿಂದಿನ ಸ್ವರ ನೋಡಿಕೊಂಡು ಅದು ‘ಚು’ ಆಗುತ್ತದೆ, ಅಷ್ಟೇ. ಆದ್ದರಿಂದ ಇವನ್ನು ಹಾಗೇ ಇಟ್ಟರೂ ಓದುವವರ ಕಿವಿಗೆ ಅರ್ಥ ತಾನಾಗಿ ಸಿಗುತ್ತದೆ ಅಂತ ನನ್ನ ನಂಬಿಕೆ. ಆದರೆ ಸೋನ್‌ಕೊಲ್, ಇಸಿಕ್‌ಕೊಲ್ ಹೆಸರುಗಳಲ್ಲಿರುವ ‘ಕೊಲ್’ (ಸರೋವರ) ಕೇಳಿ ನಮ್ಮ ‘ಕೊಳ’ ಅಂದುಕೊಳ್ಳಬೇಡಿ. ಅದೂ ನೀರೇ, ಇದೂ ನೀರೇ, ಆದರೂ ಅದು ಬರೀ ಆಕಸ್ಮಿಕ. ನಮ್ಮ ತಂಡದಲ್ಲಿ ಇದರ ಮೇಲೆ ಇಡೀ ಒಂದು ರಾತ್ರಿ ವಾದ ನಡೆಯಿತು. ಇಸಿಕ್‌ಕೊಲ್ ಅಂದರೆ ಬಿಸಿ ಸರೋವರ. ಚಳಿಗಾಲದಲ್ಲೂ ಹೆಪ್ಪುಗಟ್ಟುವುದಿಲ್ಲ, ಅದಕ್ಕೆ ಆ ಹೆಸರು.

ಉಚ್ಚಾರದ ಒಂದು ಮಾತು. ‘ಕಿರ್ಗಿಜ್’, ‘ಕಿಮಿಜ್’ ಪದಗಳ ಇಕಾರ ನಮ್ಮ ಇಕಾರ ಅಲ್ಲ. ತುಳುವಿನಲ್ಲಿ ಪದದ ಕೊನೆಗೆ ಬರುವ ಅರೆ ಉಕಾರ ಇದೆಯಲ್ಲ, ತುಟಿ ದುಂಡಗೆ ಮಾಡದೆ ಹೇಳುವುದು, ಹೆಚ್ಚುಕಡಿಮೆ ಅದು. ತುಳು ಬಲ್ಲವರಿಗೆ ಸುಲಭ, ಕನ್ನಡ ಬರಹದಲ್ಲಿ ತೋರಿಸುವ ದಾರಿ ನನಗೆ ಕಾಣುತ್ತಿಲ್ಲ. ಇಕಾರದಲ್ಲೇ ಬಿಟ್ಟಿದ್ದೇನೆ.

ಕಿಮಿಜ್ ಅಂದರೆ ಹೆಣ್ಣು ಕುದುರೆಯ ಹಾಲನ್ನು ಹುಳಿ ಬರಿಸಿದ್ದು. ತೊಗಲಿನ ಚೀಲದಲ್ಲಿ ಹಾಕಿ ಮತ್ತೆ ಮತ್ತೆ ಕಡೆಯುತ್ತಾರೆ. ‘ಮಜ್ಜಿಗೆ’ ಅಂದರೆ ಅದರ ಸಣ್ಣ ಅಮಲು ಬಿಟ್ಟುಹೋಗುತ್ತದೆ, ಹಿರಿಯರು ಗೊತ್ತಿಲ್ಲದೆ ಕುಡಿಯುತ್ತಾರೆ. ‘ಕಳ್ಳು’ ಅಂದರೆ ಮನೆಯವರು ಮಕ್ಕಳಿಗೂ ಕೊಡುವ ಪಾನೀಯ ಅನ್ನುವುದು ಹೋಗುತ್ತದೆ. ಇದಕ್ಕೂ ಮೂಲ ಹೆಸರೇ ಇರಲಿ, ಪಕ್ಕದಲ್ಲಿ ಅಮಲಿನ ವಿಷಯ ಹೇಳಿಬಿಡುತ್ತೇನೆ. ಅದನ್ನು ಕಡೆಯುವ ಕೋಲಿಗೆ ‘ಬಿಶ್ಕೆಕ್’ ಅನ್ನುತ್ತಾರೆ. ರಾಜಧಾನಿಗೆ ಆ ಹೆಸರು ಬಂದಿದ್ದೂ ಅದರಿಂದಲೇ ಅಂತ ಅಲ್ಲಿಯವರು ಹೇಳುತ್ತಾರೆ. ಕೈಪಿಡಿಯಲ್ಲಿ ‘ಬಿಶ್ಕೆಕ್, ಅಂದರೆ ಕಡಗೋಲು’ ಅಂತ ಬರೆದು ತುಂಬ ಖುಷಿಪಟ್ಟೆ.

ಕೊನೆಯದು ‘ತೊಗುಜ್ ಕೊರ್ಗೋಲ್’. ನಮ್ಮ ಅಳಗುಳಿ ಮಣೆಯ ಬಳಗದ ಆಟ. ಇಬ್ಬರಿಗೂ ಒಂಬತ್ತೊಂಬತ್ತು ಗುಳಿ, ಗುಳಿಗೆ ಒಂಬತ್ತು ಕಾಯಿ, ಒಟ್ಟು 162. ನಮ್ಮದರಲ್ಲಿ ಏಳೇಳು ಗುಳಿ. ‘ತೊಗುಜ್’ ಅಂದರೆ ಒಂಬತ್ತು, ‘ಕೊರ್ಗೋಲ್’ ಅಂದರೆ ಕುರಿಯ ಹಿಕ್ಕೆ! ಮೇಯಿಸಲು ಹೋದವರು ಹುಲ್ಲಿನ ನೆಲದಲ್ಲಿ ಗುಳಿ ತೋಡಿ, ಕೈಗೆ ಸಿಕ್ಕ ಒಣ ಹಿಕ್ಕೆ ಇಟ್ಟು ಆಡುತ್ತಿದ್ದುದರಿಂದ ಈ ಹೆಸರು ಅಂತ ಗೈಡ್ ಹೇಳಿದರು. ನಾನು ‘ಒಂಬತ್ತು ಹಿಕ್ಕೆ ಆಟ’ ಅಂತ ಬರೆದೆ. ಕರಡು ನೋಡಿದ ಒಬ್ಬರು ‘ಹಿಕ್ಕೆ’ ತೆಗೆದು ‘ಒಂಬತ್ತು ಕಾಯಿ’ ಮಾಡಿ ಅಂದಿದ್ದಾರೆ. ನನಗೆ ಒಪ್ಪಿಗೆ ಇಲ್ಲ. ಅಲ್ಲಿಯವರು ಮುಚ್ಚಿಡದ ಪದವನ್ನು ನಾವು ಯಾಕೆ ಮುಚ್ಚಿಡಬೇಕು?

ಕರಾವಳಿಯವರು ಚನ್ನೆಮಣೆಯಲ್ಲಿ ಕಾಯಿ ಗೆದ್ದುಕೊಳ್ಳುವುದಕ್ಕೆ, ಗುಳಿ ಬರಿದಾಗುವುದಕ್ಕೆ, ಒಂದು ಸುತ್ತು ಬಿತ್ತಿ ಬರುವುದಕ್ಕೆ ಏನೇನು ಮಾತು ಬಳಸುತ್ತೀರಿ ಅಂತ ಬರೆಯಿರಿ. ಹೊರಡುವವರಲ್ಲಿ ಇಬ್ಬರು ಅಜ್ಜಿಯರು ಅಳಗುಳಿ ಮಣೆಯಲ್ಲಿ ಪಳಗಿದವರು, ಅಲ್ಲಿನವರ ಜೊತೆ ಕೂತು ಆಡಿಯೇ ಬರುತ್ತೇವೆ ಅಂದಿದ್ದಾರೆ. ಆಟದ ನಿಯಮವನ್ನು ಅವರ ಮಾತಿನಲ್ಲೇ ಬರೆದುಕೊಡಬೇಕು. ಮುಂದಿನ ತಿಂಗಳ ಮೊದಲ ವಾರ ಕೈಪಿಡಿ ಅಚ್ಚಿಗೆ ಹೋಗುತ್ತದೆ.